ಮಲ್ಲಿಗೆಗೆ ಕೈ ಎಷ್ಟುಂಟು ನೋಡಿ ಗಿಡ ನೆಡಿ

ನಮ್ಮ ಮನೆಯೆದುರಿನ ಮಲ್ಲಿಗೆ ನೋಡಿದವರು ಮೊದಲು ಕೇಳುವುದು, 'ಎಷ್ಟು ಸೆಂಟ್ಸ್ ಜಾಗದಲ್ಲಿ ಹಾಕಿದ್ದೀರಿ?' ಎಂದು. ಎರಡನೆಯ ಪ್ರಶ್ನೆ, 'ಅಟ್ಟೆಗೆ ಈಗ ರೇಟು ಎಷ್ಟುಂಟು?' ಇವೆರಡರ ನಡುವೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಬೆಳಗ್ಗೆ ಆರರಿಂದ ಹತ್ತರ ವರೆಗೆ ನಿಮ್ಮ ಮನೆಯಲ್ಲಿ ಬಿಡುವಿರುವ ಕೈಗಳು ಎಷ್ಟು? ಇಪ್ಪತ್ತೆರಡು ವರ್ಷದಿಂದ ಮಲ್ಲಿಗೆ ಬೆಳೆಯುತ್ತಿದ್ದೇನೆ. ಈ ಬೆಳೆಯ ಲಾಭ ನಷ್ಟ ಎಲ್ಲಾ ಆ ನಾಲ್ಕು ಗಂಟೆಯಲ್ಲೇ ತೀರ್ಮಾನವಾಗುತ್ತದೆ.

ನಮ್ಮದು ಉಡುಪಿ ಜಿಲ್ಲೆ, ಶಂಕರಪುರಕ್ಕೆ ಹತ್ತಿರದ ಒಂದು ಹಳ್ಳಿ. ಒಟ್ಟು ಮುಕ್ಕಾಲು ಎಕರೆ. ಅದರಲ್ಲಿ ತೆಂಗು, ನಾಲ್ಕು ಬಾಳೆ, ಒಂದು ಹಟ್ಟಿ, ಎರಡು ದನ. ಮನೆಯೆದುರು ಬಿಸಿಲು ಚೆನ್ನಾಗಿ ಬೀಳುವ ಆರೇಳು ಸೆಂಟ್ಸಿನಲ್ಲಿ 40 ಮಲ್ಲಿಗೆ ಗಿಡ. ಮಕ್ಕಳ ಶಾಲೆ ಫೀಸು, ಅತ್ತೆಯ ಮದ್ದು, ಹಟ್ಟಿಯ ಹಿಂಡಿ, ವರ್ಷಕ್ಕೊಂದಿಷ್ಟು ಚಿನ್ನ, ಎಲ್ಲ ಈ ನಲವತ್ತು ಗಿಡದಿಂದ ಬಂದದ್ದು. ನಮ್ಮ ಸುತ್ತಿನ ಊರುಗಳಲ್ಲಿ ಹಿಂದೂಗಳು, ಕ್ರಿಶ್ಚನರು ಎನ್ನದೆ ಎಷ್ಟೋ ಮನೆಗಳ ಕಥೆ ಹೀಗೆಯೇ. ತೆಂಗಿನ ದುಡ್ಡು ಯಜಮಾನರದ್ದು, ಮಲ್ಲಿಗೆಯ ದುಡ್ಡು ಹೆಂಗಸರದ್ದು ಎಂಬುದು ಇಲ್ಲಿ ಬರೆಯದ ಕಾನೂನು.

ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಹಾಗೆ ನಮ್ಮ ಉಡುಪಿ ಮಲ್ಲಿಗೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಸಂತೋಷ. ಆದರೆ ಗುರುತು ಸಿಕ್ಕಿತೆಂದು ಕೊಯ್ಯಲು ಬೇರೆಯವರು ಬರುವುದಿಲ್ಲ, ನಾವೇ ಏಳಬೇಕು.

ಅಟ್ಟೆ ಲೆಕ್ಕ

ಘಟ್ಟದ ಮೇಲಿನ ಓದುಗರಿಗೆ ಈ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. (ಅಟ್ಟೆ ಬೇರೆ, ಅತ್ತೆ ಬೇರೆ. ನಮ್ಮ ಮನೆಯಲ್ಲಿ ಅತ್ತೆ ಇಲ್ಲದೆ ಅಟ್ಟೆ ಆಗುತ್ತಿರಲಿಲ್ಲ ಎಂಬುದು ನಿಜ.) ಇಲ್ಲಿ ಮಲ್ಲಿಗೆಯನ್ನು ತೂಗಿ ಮಾರುವ ಕ್ರಮ ಇಲ್ಲ, ಮೊಳ ಹಾಕುವುದೂ ಇಲ್ಲ. ಎಣಿಸಿ ಬಾಳೆನಾರಿನಲ್ಲಿ ಕಟ್ಟಿ ಮಾರುತ್ತೇವೆ. 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3,200 ಮೊಗ್ಗು. ಪ್ರತಿಯೊಂದನ್ನೂ ಒಮ್ಮೆ ಗಿಡದಲ್ಲಿ, ಇನ್ನೊಮ್ಮೆ ನಾರಿನಲ್ಲಿ ಕೈಯಿಂದ ಮುಟ್ಟಿಯೇ ಆಗಬೇಕು. ಇದಕ್ಕೆ ಇದುವರೆಗೆ ಯಾವ ಯಂತ್ರವೂ ನಮ್ಮ ಅಂಗಳಕ್ಕೆ ಬಂದಿಲ್ಲ.

ದಿನದ ರೇಟು ಶಂಕರಪುರದಲ್ಲಿ ತೀರ್ಮಾನವಾಗುತ್ತದೆ. ಸುತ್ತಲಿನ ಊರಿನವರೆಲ್ಲ ಅದನ್ನೇ ಕಾಯುವುದು. ಈಚಿನ ವರ್ಷಗಳಲ್ಲಿ ಅಟ್ಟೆಗೆ 2,100 ರೂಪಾಯಿ ಮುಟ್ಟಿದ ದಿನಗಳಿವೆ. ಪೇಪರಿನಲ್ಲಿ ದೊಡ್ಡದಾಗಿ ಬರುವುದು ಆ ದಿನಗಳೇ. ನಮ್ಮ ಪುಸ್ತಕದಲ್ಲಿ 320 ರೂಪಾಯಿಯ ದಿನವೂ ಉಂಟು, ಅದು ಯಾವ ಪೇಪರಿನಲ್ಲೂ ಬಂದಿಲ್ಲ. 2,100ಕ್ಕೆ ಹೋದರೆ ಒಂದು ಮೊಗ್ಗಿಗೆ ಸುಮಾರು 65 ಪೈಸೆ. 320 ಆದರೆ ಹತ್ತೇ ಪೈಸೆ. ಹತ್ತು ಪೈಸೆಗೆ ಸಂಬಳದ ಜನ ಇಟ್ಟು ಕೊಯ್ಸಿ, ಕಟ್ಟಿಸಿ ಮಾರಲಿಕ್ಕೆ ಸಾಧ್ಯವಾ, ನೀವೇ ಹೇಳಿ.

ರೇಟು ಏರುವುದು ಹೂ ಇಲ್ಲದಾಗ ಎಂಬುದನ್ನೂ ಮರೆಯಬಾರದು. ಮಾರ್ಚಿಯಿಂದ ಮೇ ವರೆಗೆ ಹೂವಿನ ಸುಗ್ಗಿ. ಏಪ್ರಿಲಿನ ಒಳ್ಳೆಯ ದಿನ ನಮ್ಮ ನಲವತ್ತು ಗಿಡದಲ್ಲಿ ಒಂದೂವರೆ ಅಟ್ಟೆ ಸಿಗುತ್ತದೆ. ಎಲ್ಲರ ಮನೆಯಲ್ಲೂ ಆಗ ಹಾಗೆಯೇ, ಮದುವೆ ಕೋಲಗಳು ಕಡಿಮೆಯಿದ್ದ ವಾರ ರೇಟು ಕೆಳಗೆ. ಮಳೆಗಾಲದಲ್ಲಿ ಮತ್ತು ಚಳಿಗೆ ಗಿಡ ಮಂಕಾದಾಗ ಅರ್ಧ ಚೆಂಡಿಗೂ ತತ್ವಾರ. ಶ್ರಾವಣದ ವರಮಹಾಲಕ್ಷ್ಮಿ, ಚೌತಿ ಸಮಯದಲ್ಲಿ ಮುಂಬಯಿಯ ನಮ್ಮೂರಿನವರಿಗೂ ಈ ಹೂವೇ ಬೇಕು. ಆಗ 2,100 ಇದ್ದರೂ ಮನೆಯಲ್ಲಿ ಇರುವುದು ಒಂದು ಚೆಂಡು. ಹಾಗಾಗಿ ಮೇಲಿನ ರೇಟನ್ನು ಮೇಲಿನ ಇಳುವರಿಯಿಂದ ಗುಣಿಸಿ ಕನಸು ಕಟ್ಟಬೇಡಿ. ಹಾಗೆ ಗುಣಿಸಿ ಮುನ್ನೂರು ಗಿಡ ಹಾಕಿದ ಒಬ್ಬರು ನಮ್ಮ ಪಕ್ಕದ ಊರಿನಲ್ಲಿದ್ದಾರೆ. ಎರಡನೆಯ ಬೇಸಗೆಗೆ ಅರ್ಧ ಹೂ ಗಿಡದಲ್ಲೇ ಅರಳಿ ಉದುರಿತು. 'ಗಿಡ ಬಂತು ಮಾರಾಯ್ರೆ, ಜನ ಬರ್ಲಿಲ್ಲ' ಎಂದರು. ಅಲ್ಲಿ ಈಗ ಅಡಿಕೆ ಉಂಟು.

ಹೊತ್ತು ಮೀರಿದರೆ ಕೆಟ್ಟಿತು

ಸಂಜೆ ಅರಳುವ ಮೊಗ್ಗನ್ನು ಅದೇ ಬೆಳಗ್ಗೆ ಕೊಯ್ಯಬೇಕು. ಉಬ್ಬಿ ಪೂರ್ತಿ ಬೆಳ್ಳಗಾಗಿ, ತೊಟ್ಟು ತುಸು ಉದ್ದವಾದದ್ದು ಆ ದಿನದ ಮೊಗ್ಗು. ಹಸಿರು ಛಾಯೆ ಇರುವುದು ನಾಳೆಯದ್ದು. ಅದನ್ನು ಕಿತ್ತರೆ ಅರಳುವುದೇ ಇಲ್ಲ, ಪರಿಮಳವೂ ಇಲ್ಲ, ಕೊಂಡವರು ಬೈಯುವುದು ನಮಗೆ. ಸಾಮಾನ್ಯವಾಗಿ ಒಂದು ಗೆಲ್ಲಿನ ತುದಿಯಲ್ಲಿ ಮೂರು ಮೊಗ್ಗು ಇರುತ್ತದೆ. ನಡುವಿನದ್ದು ಮೊದಲು ಬಲಿಯುತ್ತದೆ, ಅಕ್ಕಪಕ್ಕದ ಜೋಡಿ ಮತ್ತೆ. ಹೊಸಬರು ಮೂರನ್ನೂ ಒಟ್ಟಿಗೆ ಚಿವುಟುತ್ತಾರೆ. ಬುಟ್ಟಿ ಬೇಗ ತುಂಬುತ್ತದೆ, ಮರುದಿನ ಗಿಡ ಖಾಲಿ.

ನಮ್ಮಲ್ಲಿ ಒಬ್ಬರು ಒಂದು ಅಟ್ಟೆಯಷ್ಟು ಹೂ ಕೊಯ್ಯಲು ಎರಡು ಗಂಟೆ ಬೇಕು. ಕಟ್ಟಲು ಚೆಂಡಿಗೆ ಮುಕ್ಕಾಲು ಗಂಟೆ. ಅಂದರೆ ಅಟ್ಟೆಗೆ ಒಬ್ಬರದೇ ಆದರೆ ಐದು ಗಂಟೆ. ಹೂವಿನ ಜನ ಹತ್ತೂವರೆಗೆ ಬರುತ್ತಾರೆ, ತಡವಾದರೆ ಆ ದಿನದ್ದು ಹೋಯಿತು. ಸುಗ್ಗಿಯಲ್ಲಿ ಒಂದೂವರೆ ಅಟ್ಟೆ ಆಗಬೇಕಾದರೆ ಎರಡು ಜನ ಏನೇ ಆದರೂ ಬೇಕು, ಮಧ್ಯೆ ಗಂಜಿಗೂ ಏಳಬೇಕಲ್ಲ. ಈ ಲೆಕ್ಕದಲ್ಲಿ ಒಬ್ಬರಿಗೆ ಇಪ್ಪತ್ತು ಗಿಡ, ಹೆಚ್ಚೆಂದರೆ ಇಪ್ಪತ್ತೈದು ಎಂದು ನಾನು ಹೇಳುವುದು.

ನಮ್ಮಲ್ಲಿಯೂ ಮೊದಲು 65 ಗಿಡ ಇತ್ತು. ಆಗ ಅತ್ತೆ, ನಾನು, ಮಗಳು ಮೂವರು. ಅತ್ತೆಯ ಬೆರಳು ಎಂತಹದ್ದೆಂದರೆ ನೋಡದೆಯೇ ಕಟ್ಟುತ್ತಿದ್ದರು, ಎಣಿಕೆ ತಪ್ಪುತ್ತಿರಲಿಲ್ಲ. ಮಗಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಅತ್ತೆಗೆ ಕಣ್ಣು ಮಂಜಾಯಿತು. ಆ ವರ್ಷವೇ ಹಳೆಯ ಇಪ್ಪತ್ತೈದು ಗಿಡ ತೆಗೆದೆವು. ನೆರೆಯ ಅಕ್ಕ, 'ಹೂ ಬಿಡುವ ಗಿಡ ಕಡಿಯುದಾ ನೀನು?' ಎಂದು ಬೇಸರಪಟ್ಟರು. ಆದರೆ ಕೊಯ್ಯದ ಗಿಡ ಮನೆಯೆದುರು ಇದ್ದರೆ ಅದು ಹುಳದ ತವರು, ಉಳಿದ ಗಿಡಕ್ಕೂ ಕಂಟಕ. ಈಗ ಕಟ್ಟಲು ಆ ಅಕ್ಕನೇ ಬರುತ್ತಾರೆ, ಚೆಂಡಿನ ಲೆಕ್ಕದಲ್ಲಿ ಸಂಬಳ. ರೇಟು ಇಳಿದರೂ ಅವರ ಸಂಬಳ ಇಳಿಸುವುದಿಲ್ಲ. ಇಳಿಸಿದರೆ ಮರುದಿನ ಅವರು ಬರಬೇಕೆಂದು ನಿಯಮ ಏನಿಲ್ಲ.

ಬಾಳೆನಾರಿನ ಬಗ್ಗೆ ಒಂದು ಮಾತು. ದಾರದಲ್ಲಿ ಕಟ್ಟಿದ ಹೂ ಬೇಗ ಬಾಡುತ್ತದೆ, ತೊಟ್ಟು ಕತ್ತರಿಸುತ್ತದೆ. ಗೊನೆ ಕಡಿದ ಬಾಳೆಯ ಹೊರ ಸಿಪ್ಪೆ ಬಿಡಿಸಿ ಒಣಗಿಸಿ ಇಟ್ಟು, ಬೇಕಾದಾಗ ನೀರಲ್ಲಿ ನೆನೆಸಿ ಸೀಳಿದರೆ ಸಾಕು. ಅದರ ತೇವಕ್ಕೆ ಹೂ ಮುಂಬಯಿ ಮುಟ್ಟುವ ವರೆಗೂ ತಾಜಾ ಇರುತ್ತದೆ. ಮೇಲಿನಿಂದ ಬಾಳೆ ಎಲೆ ಸುತ್ತುವುದು. ಮಲ್ಲಿಗೆ ಹಾಕುವವರು ಬದಿಯಲ್ಲಿ ನಾಲ್ಕು ಬಾಳೆಯನ್ನೂ ಹಾಕಿ.

ಗಿಡದ ಆರೈಕೆ

ಇದು ಬೀಜದಿಂದ ಬರುವ ಗಿಡ ಅಲ್ಲ, ಗೆಲ್ಲಿನಿಂದಲೇ ಮಾಡಬೇಕು. ಹಿಂದಿನವರು ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿ ಬೇರು ಬರಿಸುತ್ತಿದ್ದರು, ಈಗಲೂ ಅದು ಒಳ್ಳೆಯ ದಾರಿಯೇ. ನೆಡುವ ಗುಂಡಿ ಎರಡಡಿ ಆಳ, ಎರಡಡಿ ಅಗಲ. ನಮ್ಮದು ಮುರಕಲ್ಲಿನ ನೆಲ, ಅದಕ್ಕೆ ಹಟ್ಟಿಗೊಬ್ಬರ ಮತ್ತು ಸುಡುಮಣ್ಣು ಧಾರಾಳ ಹಾಕಿದೆವು. ಗಿಡದಿಂದ ಗಿಡಕ್ಕೆ ಎಂಟಡಿ. ಹತ್ತಿರ ನೆಟ್ಟರೆ ಎರಡು ವರ್ಷ ಚಂದ ಕಾಣುತ್ತದೆ, ಮತ್ತೆ ನಡುವೆ ಹೋಗಿ ಕೊಯ್ಯಲಿಕ್ಕೆ ಆಗುವುದಿಲ್ಲ. ತೆಂಗಿನ ನೆರಳಿಗೆ ನೆಟ್ಟರೆ ಎಲೆ ಮಾತ್ರ ಸಿಗುತ್ತದೆ. ಬುಡ ಸ್ವಲ್ಪ ಎತ್ತರಿಸಿರಬೇಕು, ನಮ್ಮ ಮಳೆಗೆ ಒಂದು ವಾರ ನೀರು ನಿಂತರೆ ಬೇರು ಕೊಳೆತು ಗಿಡ ನಿಂತಲ್ಲೇ ಒಣಗುತ್ತದೆ.

ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಕತ್ತರಿ ಹಿಡಿಯಲು ಹೆದರಬಾರದು. ಮಳೆ ಬಿಟ್ಟ ಮೇಲೆ, ನವರಾತ್ರಿಯ ಆಸುಪಾಸು, ಸುರು ಮಾಡುತ್ತೇವೆ. ನಾವು ಎಲ್ಲಾ ಗಿಡವನ್ನು ಒಂದೇ ದಿನ ಕತ್ತರಿಸುವುದಿಲ್ಲ. ಹತ್ತು ಹತ್ತು ಗಿಡ, ಹದಿನೈದು ದಿನದ ಅಂತರ. ಇದೂ ಕೈಯ ಲೆಕ್ಕವೇ. ಎಲ್ಲ ಒಟ್ಟಿಗೆ ಚಿಗುರಿದರೆ ಎಲ್ಲ ಒಟ್ಟಿಗೆ ಹೂ ಬಿಡುತ್ತದೆ, ನಾಲ್ಕು ದಿನ ಹಬ್ಬ, ಆಮೇಲೆ ಉಪವಾಸ. ಸರದಿಯಲ್ಲಿ ಕತ್ತರಿಸಿದರೆ ಹೂ ಹಂಚಿ ಬರುತ್ತದೆ.

ಗೊಬ್ಬರಕ್ಕೆ ಮೂರು ಕಿಲೋ ನೆಲಕಡಲೆ ಹಿಂಡಿ, ಒಂದು ಬುಟ್ಟಿ ಹಸಿ ಸೆಗಣಿ ಡ್ರಮ್ಮಿನಲ್ಲಿ ಐದು ದಿನ ಕೊಳೆಯಿಸಿ, ಹತ್ತು ಪಾಲು ನೀರು ಬೆರೆಸಿ ಗಿಡಕ್ಕೆ ಎರಡು ಲೀಟರ್. ಅಕ್ಟೋಬರಿನಿಂದ ಮೇ ವರೆಗೆ ಇಪ್ಪತ್ತು ದಿನಕ್ಕೊಮ್ಮೆ. ವಾಸನೆಗೆ ಮೂಗು ಮುಚ್ಚಬೇಕು, ಅದರಿಂದಲೇ ಈ ಪರಿಮಳ! ಬೇಸಗೆಯಲ್ಲಿ ದಿನ ಬಿಟ್ಟು ದಿನ ನೀರು.

ಹುಳದ್ದೇ ದೊಡ್ಡ ತಲೆಬಿಸಿ. ಮೊಗ್ಗು ಕೊರಕ ಹುಳ ಮೂರು ನಾಲ್ಕು ಮೊಗ್ಗನ್ನು ನೂಲಿನಿಂದ ಹೆಣೆದು ಒಳಗಿನಿಂದ ತಿನ್ನುತ್ತದೆ. ಇನ್ನೊಂದು ಕಣ್ಣಿಗೆ ಕಾಣದಷ್ಟು ಸಣ್ಣ ನೊಣದ ಮರಿ. ಅದು ಹೊಕ್ಕ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಮುರುಟಿ ಉದುರುತ್ತದೆ. ಈ ನೊಣದ ಮರಿ ಮಣ್ಣಿಗಿಳಿದು ಕೋಶ ಕಟ್ಟುವ ಕಾರಣ ಬುಡದ ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಬಿಡುತ್ತೇವೆ. ಕೆಟ್ಟ ಮೊಗ್ಗನ್ನು ಕೊಯ್ಯುವಾಗಲೇ ಬೇರೆ ಚೀಲಕ್ಕೆ ಹಾಕಿ ಸುಡುವುದು. ತೀರಾ ಜಾಸ್ತಿಯಾದರೆ ಲೀಟರಿಗೆ ಐದು ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ನೀರು, ಅದೂ ಕೊಯ್ಲು ಮುಗಿದ ಮೇಲೆ ಸಂಜೆ. ವಿಷ ಹೊಡೆಯುವವರೂ ಇದ್ದಾರೆ. ಎರಡು ದಿನಕ್ಕೆ ಹುಳ ಸಾಯುತ್ತದೆ ನಿಜ. ಆದರೆ ಮರುದಿನ ಬೆಳಗ್ಗೆ ಬರಿಗೈಯಲ್ಲಿ ಕೊಯ್ಯುವುದು ನಾವು, ನಾರಿಗೆ ಬಾಯಿ ಹಾಕಿ ಗಂಟು ಬಿಗಿಯುವುದೂ ನಾವು. ಆ ಹೂ ಹೋಗುವುದು ಮದುಮಗಳ ತಲೆಗೆ, ದೇವರಿಗೆ. ನನಗೆ ಮನಸ್ಸು ಬರುವುದಿಲ್ಲ.

2020ರ ಬೇಸಗೆ

ಆ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ನಮ್ಮ ಗಿಡಗಳಲ್ಲಿ ಹೂ ಸುರಿಯುತ್ತಿತ್ತು. ಮದುವೆ ಇಲ್ಲ, ಕೋಲ ಇಲ್ಲ, ಬಸ್ಸಿಲ್ಲ, ಕೊಳ್ಳುವವರಿಲ್ಲ. ದಿನಕ್ಕೆ ಒಂದೂವರೆ ಅಟ್ಟೆ ಗಿಡದಲ್ಲೇ ಅರಳಿತು. ಸಂಜೆಯಾದರೆ ಅಂಗಳದಲ್ಲಿ ಕೂರಲಾಗದಷ್ಟು ಪರಿಮಳ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ವಾರ ನೋಡಿ, ನಾವು ಅರ್ಧ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಬುಡ ಬಿಡಿಸಿ ಗೊಬ್ಬರ ಕೊಟ್ಟೆವು.

ಮೇ ತಿಂಗಳಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಎಂದು ಪ್ರಕಟವಾಯಿತು. ಒಂದು ಹೆಕ್ಟೇರೆಂದರೆ 247 ಸೆಂಟ್ಸ್. ನಮ್ಮ ಆರು ಸೆಂಟ್ಸಿಗೆ ಲೆಕ್ಕ ಹಾಕಿದರೆ ಆರು ನೂರು ರೂಪಾಯಿ ಚಿಲ್ಲರೆ. ಒಳ್ಳೆಯ ರೇಟು ಇರುವ ಒಂದು ದಿನದ ಹೂವಿಗೂ ಅದು ಸಾಲದು. ಅಂಗಳದ ಬೆಳೆಯನ್ನು ಹೆಕ್ಟೇರಿನಲ್ಲಿ ಅಳೆದರೆ ಹೀಗೆಯೇ ಆಗುವುದು. ಗಿಡದ ಲೆಕ್ಕದಲ್ಲಿ ಕೊಡುವ ಕ್ರಮ ಬಂದರೆ ನಮ್ಮಂಥವರಿಗೆ ಏನಾದರೂ ಮುಟ್ಟೀತು. ಸಂಘಗಳಲ್ಲಿ ಇರುವವರು ಇದನ್ನು ಮಾತಾಡಬೇಕು.

ಆ ವರ್ಷ ನಮ್ಮನ್ನು ಕಾಪಾಡಿದ್ದು ಹಟ್ಟಿಯ ಹಾಲು ಮತ್ತು ತೆಂಗು. ಮಲ್ಲಿಗೆಯನ್ನೇ ನಂಬಿ ಬೇರೇನೂ ಇಲ್ಲದ ಮನೆಗಳ ಕಷ್ಟ ಹತ್ತಿರದಿಂದ ನೋಡಿದ್ದೇನೆ. ಎಷ್ಟೇ ಚೆನ್ನಾಗಿ ಹೂ ಬಿಡಲಿ, ಇದು ಜೊತೆಬೆಳೆಯಾಗಿ ಇರಲಿ ಎಂದು ಹೊಸಬರಿಗೆ ಹೇಳುತ್ತೇನೆ.

ಹೊಸದಾಗಿ ಮಾಡುವವರು ಮಳೆ ಸರಿಯಾಗಿ ಹಿಡಿದ ಮೇಲೆ, ಜೂನ್ ಕೊನೆಗೆ, ನಿಮ್ಮ ಹತ್ತಿರದ ಯಾರದಾದರೂ ಮನೆಯಿಂದ ಗೆಲ್ಲು ತನ್ನಿ. ಚೆನ್ನಾಗಿ ಹೂ ಬಿಡುವ ಗಿಡ ಯಾವುದೆಂದು ಏಪ್ರಿಲಿನಲ್ಲೇ ನೋಡಿ ಗುರುತು ಮಾಡಿರಬೇಕು, ಮಳೆಗಾಲದಲ್ಲಿ ಎಲ್ಲಾ ಗಿಡ ಒಂದೇ ಥರ ಕಾಣುತ್ತದೆ. ತೀರಾ ಎಳತೂ ಅಲ್ಲದ, ಬಲಿತದ್ದೂ ಅಲ್ಲದ, ಮೂರು ನಾಲ್ಕು ಗಂಟಿನ ಗೇಣುದ್ದದ ತುಂಡು. ಎರಡು ಗಂಟು ಮಣ್ಣಿನೊಳಗೆ. ತೊಟ್ಟೆಯಲ್ಲಿ ಮರಳು, ಮಣ್ಣು, ಹಟ್ಟಿಗೊಬ್ಬರದ ಹುಡಿ ಸಮಪಾಲು. ಮಾಡಿನ ನೀರು ಬೀಳದ ಜಾಗದಲ್ಲಿ ಇಟ್ಟರೆ ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ಇಪ್ಪತ್ತು ಗಿಡ ಬೇಕಾದರೆ ಮೂವತ್ತು ತೊಟ್ಟೆ ಮಾಡಿ, ಕೆಲವು ಹೋಗುತ್ತವೆ. ಉಳಿದದ್ದು ಹೆಚ್ಚಾದರೆ ನೆರೆಯವರಿಗೆ ಕೊಡಿ. ಗೆಲ್ಲಿಗೆ ದುಡ್ಡು ತೆಗೆದುಕೊಳ್ಳುವ ಕ್ರಮ ನಮ್ಮ ಕಡೆ ಇಲ್ಲ.