ತೋಟಕ್ಕೂ ಮನೆಗೂ ಒಂದೇ ಜೀಪು: ಕೊಳ್ಳುವ ಮುನ್ನ ಕೆ.ಜಿ. ಲೆಕ್ಕ ಹಾಕಿ

ಅಡಿಕೆಗೆ ಒಳ್ಳೆ ಬೆಲೆ ಸಿಕ್ಕ ವರ್ಷ ಮಲೆನಾಡಿನ ಮನೆಗಳಲ್ಲಿ ಜೀಪಿನ ಮಾತು ಶುರುವಾಗುತ್ತದೆ. ಮಳೆಗಾಲದಲ್ಲಿ ತೋಟದ ಏರು ಹತ್ತಬೇಕು, ಸಣ್ಣ ಟ್ರೇಲರ್ ಕಟ್ಟಿ ಗೊಬ್ಬರ, ಸಸಿ ತರಬೇಕು, ರಜೆ ಬಂದರೆ ಮಕ್ಕಳನ್ನು ಕೂರಿಸಿಕೊಂಡು ಟೆಂಟ್ ಹಾಕೋಕೆ ಹೋಗಬೇಕು. ಎಲ್ಲಕ್ಕೂ ಒಂದೇ ಗಾಡಿ. ಆಸೆ ತಪ್ಪಲ್ಲ. ಆದರೆ ಶೋರೂಮಿನಲ್ಲಿ ನಾವು ನೋಡೋದು ಟಚ್‌ಸ್ಕ್ರೀನು, ಸನ್‌ರೂಫು. ತೋಟದಲ್ಲಿ ಲೆಕ್ಕಕ್ಕೆ ಬರೋದು ತೂಕ.

ನಾಲ್ಕೂ ಚಕ್ರ ಯಾಕೆ?

ಜನ ಕೂತ ಜೀಪು 2,000 ಕೆ.ಜಿ., ತುಂಬಿದ ಟ್ರೇಲರ್ 700 ಕೆ.ಜಿ. ಎಂದಿಟ್ಟುಕೊಳ್ಳಿ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಒಟ್ಟು ತೂಕದ ಹತ್ತನೇ ಒಂದು ಭಾಗ, ಅಂದರೆ 270 ಕೆ.ಜಿ.ಯಷ್ಟು ಎಳೆತ ಏರಿಗೇ ಬೇಕು. ಒದ್ದೆ ಕೆಮ್ಮಣ್ಣಿನಲ್ಲಿ ಟೈರಿಗೆ ಸಿಗುವ ಹಿಡಿತ ಅದರ ಮೇಲಿನ ಭಾರದ ಕಾಲುಭಾಗ ಎನ್ನೋಣ. ಹಿಂದಿನ ಎರಡು ಚಕ್ರದ ಮೇಲೆ 1,100 ಕೆ.ಜಿ. ಇದ್ದರೆ ಹಿಡಿತ 275 ಕೆ.ಜಿ. ಮಾತ್ರ. ಕೆಸರು ಹಿಂದಕ್ಕೆಳೆಯುವುದನ್ನೂ ಸೇರಿಸಿದರೆ ಸಾಲದು, ಚಕ್ರ ಅಲ್ಲೇ ತಿರುಗುತ್ತದೆ. ನಾಲ್ಕೂ ಚಕ್ರ ಎಳೆದರೆ ಇದೇ ಹಿಡಿತ 500 ಕೆ.ಜಿ. ದಾಟುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದೇ ಎಲ್ಲ.

ಇದರ ಜೊತೆ ಲೋ ರೇಂಜ್ ಗೇರ್ (4ಎಲ್) ಇದೆಯಾ ಅಂತ ಕೇಳಿ. ಎಂಜಿನ್ನಿನ ಬಲವನ್ನು ಇದು ಎರಡು ಪಟ್ಟು, ಕೆಲವು ಗಾಡಿಗಳಲ್ಲಿ ಇನ್ನೂ ಹೆಚ್ಚು ಮಾಡಿ ಚಕ್ರಕ್ಕೆ ಕೊಡುತ್ತದೆ. ಕ್ಲಚ್ ಸುಡದೆ ನಿಧಾನ ಹತ್ತಬಹುದು, ಇಳಿಯುವಾಗ ಬ್ರೇಕ್ ತುಳಿಯದೆ ಎಂಜಿನ್ ಹಿಡಿತದಲ್ಲೇ ಇಳಿಯಬಹುದು. ಲೋ ರೇಂಜ್ ಇಲ್ಲದ ಆಲ್ ವೀಲ್ ಡ್ರೈವ್ ಗಾಡಿಗಳು ಜಾರುವ ರಸ್ತೆಗೆ ಸರಿ, ಟ್ರೇಲರ್ ಕಟ್ಟಿ ತೋಟದ ಏರು ಹತ್ತೋಕೆ ಅಲ್ಲ. ಇನ್ನೊಂದು ಮಾತು: ಜಿಮ್ನಿ, ಥಾರ್, ಸ್ಕಾರ್ಪಿಯೊ-ಎನ್‌ಗಳಲ್ಲಿ ಫೋರ್ ವೀಲ್ ಬೇಕಾದಾಗ ಹಾಕುವಂಥದ್ದು. ಒಣ ಟಾರು ರಸ್ತೆಗೆ ಬಂದ ಕೂಡಲೇ 2ಎಚ್‌ಗೆ ಹಾಕಿ. ಇಲ್ಲ ಅಂದ್ರೆ ತಿರುವುಗಳಲ್ಲಿ ಗೇರ್‌ಬಾಕ್ಸ್, ಶಾಫ್ಟ್‌ಗಳಿಗೆ ಪೆಟ್ಟು.

ಹೊರುವ ಶಕ್ತಿ ಎಷ್ಟು?

ಗಾಡಿಯ ಒಟ್ಟು ಅನುಮತಿಸಿದ ತೂಕದಲ್ಲಿ ಖಾಲಿ ತೂಕ ಕಳೆಯಿರಿ. ಉಳಿದದ್ದೇ ಜನ, ಸಾಮಾನು ಎಲ್ಲ ಸೇರಿ ಹೊರಬಹುದಾದ ಭಾರ. ಐದು ಬಾಗಿಲಿನ ಜಿಮ್ನಿಯಲ್ಲಿ ಇದು ಸುಮಾರು 340 ಕೆ.ಜಿ. ದೊಡ್ಡವರು ನಾಲ್ವರು ಕೂತರೆ 260 ಹೋಯ್ತು, ಉಳಿದದ್ದು 80. ಟ್ರೇಲರ್‌ನ ಮೂತಿ ಕೊಕ್ಕೆಯ ಮೇಲೆ ಅದರ ಒಟ್ಟು ತೂಕದ ಹತ್ತನೇ ಒಂದು ಭಾಗದಷ್ಟು ಒತ್ತಬೇಕು, ಆಗಲೇ ಅದು ಓಲಾಡದೆ ಬರುತ್ತದೆ. 700 ಕೆ.ಜಿ. ಟ್ರೇಲರ್‌ಗೆ ಆ ಒತ್ತು 70 ಕೆ.ಜಿ. ಅದೂ ಜೀಪಿನ ಲೆಕ್ಕಕ್ಕೇ. ಟೆಂಟು, ಪಾತ್ರೆ, ನೀರಿನ ಕ್ಯಾನಿಗೆ ಜಾಗ ಎಲ್ಲಿ?

ಯಾರಿಗೆ ಯಾವುದು?

ಇಬ್ಬರು ಮೂವರ ಮನೆ, ಕಡಿದಾದ ಕಿರಿದಾದ ದಾರಿ, ಸಾಮಾನು ಕಡಿಮೆ: ಹಗುರವಾದ ಜಿಮ್ನಿ ಸಾಕು. ಆದರೆ ಅದರ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 134 ನ್ಯೂಟನ್ ಮೀಟರ್, ಎಳೆಯುವ ಕೆಲಸಕ್ಕಲ್ಲ. ಮೂರು ಬಾಗಿಲಿನ ಥಾರ್ ಡೀಸೆಲ್‌ಗೆ ಬಲವಿದೆ, ಆದರೆ ಹಿಂದಿನ ಸೀಟಿಗೆ ಅಜ್ಜಿಯನ್ನು ಹತ್ತಿಸಿ ನೋಡಿ, ಆಮೇಲೆ ಮುಂಗಡ ಕೊಡಿ. ಮನೆಮಂದಿ ಜಾಸ್ತಿ ಇದ್ದರೆ ಥಾರ್ ರಾಕ್ಸ್ ಅಥವಾ ಸ್ಕಾರ್ಪಿಯೊ-ಎನ್ ನೋಡಬಹುದು. ಎರಡರಲ್ಲೂ ಫೋರ್ ವೀಲ್ ಸಿಗೋದು ಡೀಸೆಲ್‌ನಲ್ಲಿ. ವರ್ಷವಿಡೀ ಸಾಮಾನು ಸಾಗಿಸುವವರು ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಐದು ಸೀಟಿನ ಪಿಕಪ್ ಲೆಕ್ಕಕ್ಕೆ ತಗೊಳ್ಳಿ. ಹಿಂದೆ ತೆರೆದ ತೊಟ್ಟಿ ಇರೋದರಿಂದ ಎಷ್ಟೋ ಸಲ ಟ್ರೇಲರೇ ಬೇಡ. ಉದ್ದ ಜಾಸ್ತಿ, ತೋಟದ ತಿರುವಿನಲ್ಲಿ ಒಮ್ಮೆ ತಿರುಗಿಸಿ ನೋಡಿ.

ಟ್ರೇಲರ್ ಕಟ್ಟುವ ಮೊದಲು

ಕೈಪಿಡಿಯಲ್ಲಿ ಎಳೆಯುವ ಮಿತಿ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕಂಪನಿಯಿಂದ ಬರಹದಲ್ಲಿ ಕೇಳಿ, ಮಾರುವವರ ಬಾಯಿಮಾತು ಬೇಡ. ಬ್ರೇಕ್ ಇಲ್ಲದ ಟ್ರೇಲರ್ ಘಟ್ಟ ಇಳಿಯುವಾಗ ಜೀಪನ್ನೇ ಹಿಂದಿನಿಂದ ತಳ್ಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಅಂದರೆ ಪ್ರತ್ಯೇಕ ವಾಹನ. ಊರಿನ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸುವ ಮೊದಲೇ ನೋಂದಣಿ, ವಿಮೆ ಬಗ್ಗೆ ಆರ್‌ಟಿಒದಲ್ಲಿ ವಿಚಾರಿಸಿ.

ಟೆಂಟ್ ಪ್ರವಾಸಕ್ಕೆ

ಭಾರದ ಸಾಮಾನು ಕೆಳಗೆ, ಆಕ್ಸಲ್ ಹತ್ತಿರ ಇರಲಿ. ಚಾವಣಿ ಮೇಲೆ ಹೇರಿದಷ್ಟೂ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು. ಮರಳಿನಲ್ಲಿ ಟೈರಿನ ಗಾಳಿ ಇಳಿಸಿದರೆ ಹಿಡಿತ ಸಿಗುತ್ತದೆ, ಟಾರಿಗೆ ಬರುವ ಮೊದಲು ತುಂಬಿಸಲೇಬೇಕು. ಹಾಗಾಗಿ ಸಣ್ಣ ಗಾಳಿ ಪಂಪ್ ಜೊತೆಗಿರಲಿ. ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟ್ ಬೇಡ.

ಕೊನೆಗೊಂದು ಲೆಕ್ಕ

ವರ್ಷದಲ್ಲಿ ಎಷ್ಟು ದಿನ ನಿಮಗೆ ನಾಲ್ಕೂ ಚಕ್ರದ ಎಳೆತ ನಿಜವಾಗಿ ಬೇಕು, ಕ್ಯಾಲೆಂಡರ್ ನೋಡಿ ಎಣಿಸಿ. ಹತ್ತು ಹನ್ನೆರಡು ದಿನ ಅಂದರೆ ಎರಡು ಚಕ್ರ ಎಳೆಯುವ ಗಟ್ಟಿ ಗಾಡಿ, ಒಳ್ಳೆ ಟೈರು, ಆ ದಿನಗಳಿಗೆ ಬಾಡಿಗೆ ಟ್ರ್ಯಾಕ್ಟರ್ ಸಾಕು. ಉಳಿದ ಹಣದಲ್ಲಿ ತೋಟದ ದಾರಿಗೆ ಚರಂಡಿ ತೆಗೆಸಿ ಜಲ್ಲಿ ಹಾಕಿಸಿ. ಆ ದಾರಿ ಜೀಪಿಗಷ್ಟೇ ಅಲ್ಲ, ರಾತ್ರಿ ಹೊತ್ತು ಆಂಬುಲೆನ್ಸ್ ಬರಬೇಕಾದರೂ ಬೇಕು. ಎಣಿಕೆ ಐವತ್ತು ಅರವತ್ತು ದಿನ ದಾಟಿತಾ? ಹಾಗಾದರೆ ಧೈರ್ಯವಾಗಿ ಫೋರ್ ವೀಲ್ ತಗೊಳ್ಳಿ. ಟೆಸ್ಟ್ ಡ್ರೈವ್ ಮಾತ್ರ ಪೇಟೆಯ ರಸ್ತೆಯಲ್ಲಿ ಬೇಡ, ಗಾಡಿಯನ್ನು ನಿಮ್ಮ ತೋಟದ ಏರಿಗೇ ಕರೆಸಿ, ಮನೆಮಂದಿಯನ್ನೆಲ್ಲ ಕೂರಿಸಿ ಹತ್ತಿಸಿ ನೋಡಿ.