ಬದಲಾವಣೆ ಕೋರಿಕೆ (ಮಾಹಿತಿ ತಂತ್ರಜ್ಞಾನ)

ಬದಲಾವಣೆ ಕೋರಿಕೆ ಎಂಬುದು ಬಳಕೆಯಲ್ಲಿರುವ ಗಣಕವ್ಯವಸ್ಥೆಯನ್ನು ಮಾರ್ಪಡಿಸಲು ಅನುಮತಿ ಬೇಡುವ ಲಿಖಿತ ಮನವಿಯಾಗಿದೆ. 1980ರ ದಶಕದಲ್ಲಿ ಬ್ರಿಟನ್ ಸರ್ಕಾರದ ಆಶ್ರಯದಲ್ಲಿ ರೂಪುಗೊಂಡ ಐಟಿಐಎಲ್ ಮಾರ್ಗಸೂಚಿಗಳಿಂದ ಈ ಪದ್ಧತಿಯು ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು.

ಹಂತಗಳು

ಮನವಿಯಲ್ಲಿ ಬದಲಾವಣೆಯ ಕಾರಣ, ಬಾಧಿತವಾಗುವ ಸೇವೆಗಳು, ಪರೀಕ್ಷೆಯ ಫಲಿತಾಂಶ ಹಾಗೂ ಕೆಲಸ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಯೋಜನೆಯನ್ನು ವಿವರಿಸಲಾಗುತ್ತದೆ. ಅಪಾಯವನ್ನು ಅಂದಾಜು ಮಾಡಿದ ಬಳಿಕ ಅಧಿಕಾರವುಳ್ಳವರು ಒಪ್ಪಿಗೆ ನೀಡುತ್ತಾರೆ. ದೊಡ್ಡ ಬದಲಾವಣೆಗಳನ್ನು ಸಾಮಾನ್ಯವಾಗಿ ಸಲಹಾ ಮಂಡಳಿಯೊಂದು ಪರಿಶೀಲಿಸುತ್ತದೆ. ಅನಂತರ ನಿಗದಿತ ವೇಳೆಯಲ್ಲಿ ಅನುಷ್ಠಾನವೂ ಅದರ ಪರಿಶೀಲನೆಯೂ ನಡೆದು ಕೋರಿಕೆ ಮುಕ್ತಾಯಗೊಳ್ಳುತ್ತದೆ.

ವಿಧಗಳು

ಪದೇ ಪದೇ ನಡೆಯುವ, ಅಪಾಯ ಕಡಿಮೆಯಿರುವ ಬದಲಾವಣೆಗಳನ್ನು 'ಪ್ರಮಾಣಿತ' ಎನ್ನುತ್ತಾರೆ. ಇವುಗಳಿಗೆ ಮೊದಲೇ ಒಪ್ಪಿಗೆಯಿರುತ್ತದೆ. ಸೇವೆ ಸ್ಥಗಿತಗೊಂಡಾಗ ಮಾಡುವ 'ತುರ್ತು' ಬದಲಾವಣೆಗಳಿಗೆ ಶೀಘ್ರ ಒಪ್ಪಿಗೆ ದೊರೆಯುತ್ತದೆ. ಉಳಿದವು 'ಸಾಮಾನ್ಯ' ಬದಲಾವಣೆಗಳು. ಇವು ಎಲ್ಲ ಹಂತಗಳನ್ನೂ ದಾಟಬೇಕು.

ಮಹತ್ವ

ಒಪ್ಪಿಗೆಯಷ್ಟೇ ಅನುಷ್ಠಾನದ ಪರಿಶೀಲನೆಯೂ ಮುಖ್ಯವೆಂಬುದಕ್ಕೆ ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ ಪ್ರಕರಣ ನಿದರ್ಶನ. ಅಲ್ಲಿನ ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ತಂತ್ರಾಂಶವನ್ನು ಅಳವಡಿಸಿರಲಿಲ್ಲ. 2012ರ ಆಗಸ್ಟ್ 1ರಂದು ಅದರಲ್ಲಿ ಉಳಿದಿದ್ದ ಹಳೆಯ ಕೋಡ್ ಚಾಲನೆಗೊಂಡು ಲಕ್ಷಾಂತರ ಅನಪೇಕ್ಷಿತ ಆದೇಶಗಳನ್ನು ಮಾರುಕಟ್ಟೆಗೆ ಕಳುಹಿಸಿತು. ಸರಿಪಡಿಸುವ ಯತ್ನದಲ್ಲಿ ಉಳಿದ ಏಳು ಸರ್ವರ್‌ಗಳಿಂದಲೂ ಹೊಸ ತಂತ್ರಾಂಶವನ್ನು ತೆಗೆದುಹಾಕಿದ್ದರಿಂದ ಸಮಸ್ಯೆ ಮತ್ತಷ್ಟು ಉಲ್ಬಣಿಸಿತು. ಸುಮಾರು 45 ನಿಮಿಷಗಳ ಈ ವಹಿವಾಟಿನಿಂದ ಸಂಸ್ಥೆಗೆ 46 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಅಳವಡಿಕೆಯನ್ನು ಮತ್ತೊಬ್ಬ ತಂತ್ರಜ್ಞರು ಪರಿಶೀಲಿಸಬೇಕೆಂಬ ಲಿಖಿತ ನಿಯಮವೇ ಅಲ್ಲಿರಲಿಲ್ಲವೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು 2013ರಲ್ಲಿ ತಿಳಿಸಿತು.