ಶಸ್ತ್ರಚಿಕಿತ್ಸೆಯ ದಿನ ಹೃದಯದ ಗುಳಿಗೆ ಬಿಡಬೇಕೆ?

ದೇವಿಕೊಪ್ಪದ ಹಿರಿಯ ರೈತರೊಬ್ಬರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ ಎಂದು ಭಾವಿಸೋಣ. ‘ರಾತ್ರಿಯಿಂದ ಏನನ್ನೂ ತಿನ್ನಬೇಡಿ, ಕುಡಿಯಬೇಡಿ’ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಿಳಿಸಿದ್ದಾರೆ. ವರ್ಷಗಳಿಂದ ನಿತ್ಯವೂ ಸೇವಿಸುತ್ತಿದ್ದ ಮೆಟೊಪ್ರೊಲಾಲ್ ಗುಳಿಗೆಯನ್ನೂ ಅವರು ಅಂದು ಬಿಟ್ಟುಬಿಡುತ್ತಾರೆ. ವೈದ್ಯರ ಮಾತನ್ನು ಪಾಲಿಸಿದೆನೆಂಬ ನೆಮ್ಮದಿ ಅವರದು. ಅಪಾಯವಿರುವುದು ಅಲ್ಲಿಯೇ.

ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್ ಮೊದಲಾದವು ಬೀಟಾ ಬ್ಲಾಕರ್ ವರ್ಗದ ಔಷಧಗಳು. ಭಯ, ನೋವು, ಶ್ರಮಗಳ ವೇಳೆ ಸ್ರವಿಸುವ ಅಡ್ರಿನಲಿನ್ ಹೃದಯದ ಬಡಿತವನ್ನು ಮಿತಿಮೀರಿ ಏರಿಸದಂತೆ ಇವು ತಡೆಯುತ್ತವೆ. ದೀರ್ಘಕಾಲ ಸೇವಿಸಿದವರು ಒಮ್ಮೆಲೇ ನಿಲ್ಲಿಸಿದರೆ ಹೃದಯವು ಅಡ್ರಿನಲಿನ್‌ಗೆ ಮೊದಲಿಗಿಂತ ತೀವ್ರವಾಗಿ ಸ್ಪಂದಿಸುತ್ತದೆ. ನಾಡಿಬಡಿತ ಏರಿ ಎದೆನೋವು, ಕೆಲವೊಮ್ಮೆ ಹೃದಯಾಘಾತವೂ ಸಂಭವಿಸಬಹುದು. ಅದಕ್ಕೆ ಶಸ್ತ್ರಚಿಕಿತ್ಸೆಯ ಆಯಾಸವೂ ಸೇರಿದರೆ ಕೇಳಬೇಕೆ? ಆದ್ದರಿಂದಲೇ ಈ ಗುಳಿಗೆಯನ್ನು ಅಂದಿನ ಬೆಳಗ್ಗೆಯೂ ಒಂದು ಗುಟುಕು ನೀರಿನೊಡನೆ ನುಂಗಲು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ನಾಡಿ ಅಥವಾ ರಕ್ತದೊತ್ತಡ ತೀರ ಕಡಿಮೆಯಿದ್ದಲ್ಲಿ ಬೇರೆ ತೀರ್ಮಾನ ಕೈಗೊಳ್ಳುವವರೂ ಅವರೇ. ಇಷ್ಟಲಿಂಗ ಪೂಜೆಗೆ ಮುನ್ನ ನೀರನ್ನೂ ಸೇವಿಸದ ನಿಯಮವುಳ್ಳವರು ಅಂದು ಪೂಜೆಯನ್ನು ಬೇಗನೆ ಪೂರೈಸಿಕೊಳ್ಳುವುದು ಲೇಸು.

ಇಷ್ಟು ಉಪಕಾರಿಯಾದ ಗುಳಿಗೆಯನ್ನು ಹೊಸಬರೂ ಅಂದೇ ಆರಂಭಿಸಬಹುದಲ್ಲವೇ ಎಂದು ತೋರಬಹುದು. ವೈದ್ಯಲೋಕವೂ ಒಮ್ಮೆ ಹಾಗೆಯೇ ಯೋಚಿಸಿತ್ತು. 23 ದೇಶಗಳ 8,351 ರೋಗಿಗಳ ಮೇಲೆ ನಡೆದ ‘ಪಾಯ್ಸ್’ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಗೆ ಕೆಲವೇ ಗಂಟೆಗಳ ಮುನ್ನ ಮೆಟೊಪ್ರೊಲಾಲ್ ಆರಂಭಿಸಿದವರಲ್ಲಿ ಹೃದಯಾಘಾತ ಕಡಿಮೆಯಾದರೂ ಪಾರ್ಶ್ವವಾಯುವೂ ಮರಣವೂ ಹೆಚ್ಚಿದವು. ನೆರೆಮನೆಯವರ ಗುಳಿಗೆಯನ್ನು ‘ಧೈರ್ಯಕ್ಕೆ’ ನುಂಗುವ ರೂಢಿಯುಳ್ಳವರು ಇದನ್ನು ಗಮನಿಸಬೇಕು.

ಎಲ್ಲ ಗುಳಿಗೆಗಳಿಗೂ ಒಂದೇ ನಿಯಮವಿಲ್ಲ. ಕೊಲೆಸ್ಟ್ರಾಲ್‌ನ ಸ್ಟಾಟಿನ್ ಗುಳಿಗೆಯನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ರಕ್ತದೊತ್ತಡದ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ಗಳನ್ನು ಹಲವು ಅರಿವಳಿಕೆ ತಜ್ಞರು 24 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ ವಿಷಯ ಇನ್ನೂ ಸೂಕ್ಷ್ಮವಾದುದು. ಅನೇಕ ಶಸ್ತ್ರಚಿಕಿತ್ಸೆಗಳಿಗೆ ಅದನ್ನು ಸುಮಾರು 5 ದಿನ ಮುಂಚೆ ನಿಲ್ಲಿಸುವುದುಂಟು. ಆದರೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗುವ ಭೀತಿಯಿದೆ. ಹೃದ್ರೋಗ ತಜ್ಞರೂ ಶಸ್ತ್ರವೈದ್ಯರೂ ಪರಸ್ಪರ ಸಮಾಲೋಚಿಸಿಯೇ ಇದನ್ನು ನಿರ್ಧರಿಸಬೇಕು.

ಅರಿವಳಿಕೆ ತಜ್ಞರ ಪರೀಕ್ಷೆಗೆ ಹೋಗುವಾಗ ‘ಬಿಳಿ ಗುಳಿಗೆ, ಕೆಂಪು ಗುಳಿಗೆ’ ಎಂದು ವಿವರಿಸುವ ಬದಲು ಮನೆಯಲ್ಲಿರುವ ಗುಳಿಗೆಯ ಪಟ್ಟಿಗಳನ್ನೆಲ್ಲ ಚೀಲದಲ್ಲಿ ಒಯ್ದು ತೋರಿಸಿರಿ. ಯಾವುದನ್ನು ನುಂಗಬೇಕು, ಯಾವುದನ್ನು ಬಿಡಬೇಕು, ಬಿಟ್ಟುದನ್ನು ಎಂದಿನಿಂದ ಪುನಃ ಆರಂಭಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆಯಿಸಿಕೊಂಡೇ ಊರಿಗೆ ಮರಳಿರಿ.